ದಾನವಲ್ಲ, ಮುಯ್ಯಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದು ಮೂರು ಹೆಸರು ಒಟ್ಟಿಗೆ ಕೇಳಿದರೆ ನಮ್ಮ ಮನಸ್ಸಿಗೆ ಬರುವುದು ಮಳೆ, ಅಡಿಕೆ ತೋಟ, ಶಾರದೆಯ ಗುಡಿ, ತುಂಗೆ, ಭದ್ರೆ. ಒಳಗಿನ ಸುದ್ದಿ ಬಲ್ಲವರಿಗೆ ಅಡಿಕೆಯ ಹಳದಿ ಎಲೆ ರೋಗವೂ ನೆನಪಾಗುತ್ತದೆ. ವೈದ್ಯಕೀಯ ಪತ್ರಿಕೆಗಳಲ್ಲಿ ಈ ತಾಲ್ಲೂಕುಗಳ ಹೆಸರು ಸೇರಿಕೊಂಡಿರುವುದು ಮಾತ್ರ ಬೇರೆಯೇ ಕಾರಣಕ್ಕೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರು ಹೊತ್ತ ಮೂಳೆ ಮತ್ತು ಕೀಲುಗಳ ಕಾಯಿಲೆಯೊಂದು ಮಲೆನಾಡಿನ ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿದೆ. ಅದರ ನಕ್ಷೆ ಬರೆದವರು ಶಿವಮೊಗ್ಗ ಜಿಲ್ಲೆಯ ಊರುಗಳ ಜೊತೆಗೆ ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನೂ ಗುರುತಿಸಿದ್ದಾರೆ.

ಕಾಯಿಲೆ ಸೊಂಟದ ಕೀಲಿನ ನೋವಿನಿಂದ ಶುರುವಾಗುತ್ತದೆ. ಆಮೇಲೆ ಮಂಡಿ, ಬೆನ್ನುಮೂಳೆ. ನಡಿಗೆ ಓಲಾಡುತ್ತದೆ, ಕುಕ್ಕರುಗಾಲಿನಲ್ಲಿ ಕೂರುವುದು ಕಷ್ಟವಾಗುತ್ತದೆ, ಕೋಲು ಬರುತ್ತದೆ, ಕೊನೆಗೆ ಕೆಲವರಿಗೆ ನೆಲದ ಮೇಲೆ ತೆವಳುವುದೊಂದೇ ದಾರಿ. ಕೆಲವರ ಎತ್ತರ ಎಲ್ಲರಂತೆಯೇ ಇರುತ್ತದೆ, ಇನ್ನು ಕೆಲವರು ಬಹಳ ಗಿಡ್ಡವಾಗಿ ಉಳಿಯುತ್ತಾರೆ. ಇದು ಬಂದಿರುವುದು ಹೆಚ್ಚಾಗಿ ಕೂಲಿಯಿಂದ ಬದುಕುವ ಪರಿಶಿಷ್ಟ ಜಾತಿಯ ಕುಟುಂಬಗಳಲ್ಲಿ. ಸಸಿ ಕೀಳುವುದು, ನಾಟಿ ಮಾಡುವುದು, ದರಗು ಗುಡಿಸುವುದು, ಸೊಪ್ಪಿನ ಹೊರೆ ಹೊತ್ತು ದಿಬ್ಬ ಹತ್ತುವುದು, ಹೀಗೆ ಬಗ್ಗಿ ಮಾಡುವ ಕೆಲಸವೇ ಅನ್ನ ಕೊಡುವ ಸೀಮೆಯಲ್ಲಿ ಸೊಂಟ ಹೋದರೆ ಅನ್ನವೂ ಹೋದಂತೆ.

ಈ ಕಾಯಿಲೆಯನ್ನು ಅರಿಯುವುದಕ್ಕಾಗಿ ಸುಮಾರು ಐವತ್ತು ವರ್ಷಗಳಿಂದ ಜನ ಬಂದು ಹೋಗಿದ್ದಾರೆ. ಎಕ್ಸ್‌ರೇ ತೆಗೆದಿದ್ದಾರೆ, ವಂಶವೃಕ್ಷ ಬರೆದಿದ್ದಾರೆ, ರಕ್ತ ತೆಗೆದುಕೊಂಡಿದ್ದಾರೆ. ಆ ರಕ್ತದಿಂದ ಹುಟ್ಟಿದ ಅರಿವು ಯಾರದು, ಅದಕ್ಕೆ ಪ್ರತಿಯಾಗಿ ಯಾರು ಯಾರಿಗೆ ಏನು ಕೊಡಬೇಕು ಎಂಬುದು ಈ ಬರಹದ ಪ್ರಶ್ನೆ.

*

ಮೊದಲು ಕಾರಣದ ಕಥೆ. 1970ರ ದಶಕದ ನಡುವಿನಲ್ಲಿ ಈ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಸಮೀಕ್ಷೆ ನಡೆಸಿ 1977ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದರು. ಕುಟುಂಬಗಳಲ್ಲಿ ಹರಿಯುತ್ತದೆ ಎಂಬುದು ಆಗಲೇ ಗೊತ್ತಿತ್ತು. ಆದರೆ ಆ ದಿನಗಳಲ್ಲಿ ಜನರ ನಡುವೆ ಮತ್ತು ಪತ್ರಿಕೆಗಳಲ್ಲಿ ಬಲವಾಗಿ ಓಡಾಡಿದ ಶಂಕೆ ಇನ್ನೊಂದಿತ್ತು. ಹೊಸ ತಳಿಯ ಭತ್ತದ ಜೊತೆಗೆ ಗದ್ದೆಗೆ ಹೊಸ ಕೀಟನಾಶಕಗಳು ಬಂದಿದ್ದವು. ಗದ್ದೆಯ ಏಡಿ ಬಡವರ ಊಟ. ವಿಷ ಏಡಿಗೆ ಹೋಗಿ, ಏಡಿಯಿಂದ ಮೂಳೆಗೆ ಹೋಯಿತೇ?

ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಸರೆಯಲ್ಲಿ ಹೆಚ್ಚು ಆಳವಾದ ಅಧ್ಯಯನ ನಡೆಯಿತು. ಲಖನೌದ ತಳಿವೈದ್ಯ ಎಸ್.ಎಸ್. ಅಗರ್‌ವಾಲ್ ಮತ್ತು ಅವರ ಜೊತೆಗಾರರು 1994ರಲ್ಲಿ ಪ್ರಕಟಿಸಿದ ಎಕ್ಸ್‌ರೇ ಅಧ್ಯಯನ, ಇದು ಬೆನ್ನುಮೂಳೆಯ ಮತ್ತು ಉದ್ದ ಮೂಳೆಗಳ ತುದಿಯ ಬೆಳವಣಿಗೆ ತಪ್ಪುವ ಒಂದು ಹೊಸ ಬಗೆಯ ಆನುವಂಶಿಕ ಕಾಯಿಲೆ, ಪ್ರಬಲ ಜೀನಿನ ರೀತಿಯಲ್ಲಿ ಮಕ್ಕಳಿಗೆ ಇಳಿಯುತ್ತದೆ ಎಂದು ಹೇಳಿತು. 1997ರಲ್ಲಿ ಅವರು ದಕ್ಷಿಣ ಆಫ್ರಿಕಾದ ವೈದ್ಯರ ಜೊತೆ ಸೇರಿ ಇನ್ನೊಂದು ಹೋಲಿಕೆ ಮಾಡಿದರು. ಅಲ್ಲಿಯ ಈಶಾನ್ಯ ಮೂಲೆಯ ಮ್ಸೆಲೆನಿ ಎಂಬಲ್ಲಿನ ಬಡ ಕುಟುಂಬಗಳಲ್ಲೂ ಸೊಂಟ ಸವೆಸುವ ಇಂಥದೇ ಕಾಯಿಲೆ ಇದೆ. ಇವೆರಡೂ ಒಂದೇ ಇರಬಹುದೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಹೀಗೆ ಇಪ್ಪತ್ತು ವರ್ಷಗಳಲ್ಲಿ ಕಾರಣ ಗದ್ದೆಯಿಂದ ಎದ್ದು ರಕ್ತದೊಳಗೆ ಹೋಗಿ ಕುಳಿತಿತು. ಇದರಿಂದ ಒಂದು ಒಳ್ಳೆಯದಾಯಿತು ಎಂಬುದನ್ನು ಮೊದಲು ಒಪ್ಪಬೇಕು. ಸುಳ್ಳು ಕಾರಣ ಸುಳ್ಳು ಪರಿಹಾರವನ್ನೇ ಕೊಡುತ್ತದೆ. ಏಡಿಯೇ ಕಾರಣ ಎಂದರೆ ಏಡಿ ಬಿಡಿ ಎನ್ನುತ್ತಾರೆ. ಆಗ ಬಡವರ ತಟ್ಟೆಯಿಂದ ದುಡ್ಡಿಲ್ಲದೆ ಸಿಗುವ ಒಂದು ಪೌಷ್ಟಿಕ ಆಹಾರ ಹೋಗುತ್ತದೆ, ಕಾಯಿಲೆ ಅಲ್ಲೇ ಇರುತ್ತದೆ. ಜೊತೆಗೆ, ಕಂಡದ್ದನ್ನು ತಿನ್ನುತ್ತಾರೆ, ಅದಕ್ಕೇ ಹೀಗೆ ಎಂಬ ಮೂದಲಿಕೆ ಬೇರೆ. ಅವರು ತಿಂದದ್ದರಿಂದ ಇದು ಬಂದಿಲ್ಲ ಎಂದು ವಿಜ್ಞಾನ ಹೇಳಿದ್ದು ಸಣ್ಣ ಉಪಕಾರವಲ್ಲ.

ಇನ್ನೊಂದನ್ನೂ ಗಮನಿಸಬೇಕು. ಪ್ರಬಲ ಜೀನಿನ ಕಾಯಿಲೆ, ದೂರದೂರದ ಊರುಗಳಲ್ಲಿ ಹರಡಿಕೊಂಡ ಇಷ್ಟೊಂದು ಕುಟುಂಬಗಳಲ್ಲಿ, ಅಜ್ಜ ಅಜ್ಜಿಯರಲ್ಲೂ ಮೊಮ್ಮಕ್ಕಳಲ್ಲೂ ಇದೆ ಎಂದರೆ ಅದು ಒಂದು ವರ್ಷ ಇದ್ದಕ್ಕಿದ್ದಂತೆ ಹುಟ್ಟಿದ್ದಾಗಿರಲಾರದು. 1970ರ ದಶಕ ನಾವು ನೋಡಿದ ಕಾಲ, ಅಷ್ಟೆ. ಅದಕ್ಕೂ ಮುಂಚೆ ತೆವಳಿದವರು ತೆವಳುತ್ತಲೇ ಇದ್ದರು, ಅದನ್ನು ಕಾಯಿಲೆ ಎಂದು ಯಾರೂ ಬರೆದುಕೊಂಡಿರಲಿಲ್ಲ.

*

ಜೀನ್‌ಗಳನ್ನು ಓದಿ ಹೋಲಿಸುವುದು ಎಂದರೇನು? ಇಲ್ಲಿ ಸ್ವಲ್ಪ ನಿಲ್ಲಬೇಕು. ನೀತಿಯ ಪ್ರಶ್ನೆ ಹುಟ್ಟುವುದು ಈ ಕೆಲಸದ ರೀತಿಯಲ್ಲೇ.

ನಮ್ಮ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ಅಮ್ಮನಿಂದ, ಒಂದು ಅಪ್ಪನಿಂದ ಬಂದದ್ದು. ಒಂದು ಪಾಲಿನಲ್ಲಿ ನಾಲ್ಕೇ ಬಗೆಯ ರಾಸಾಯನಿಕ ಅಕ್ಷರಗಳಲ್ಲಿ ಬರೆದ ಸುಮಾರು 300 ಕೋಟಿ ಅಕ್ಷರಗಳಿವೆ. ಅದರೊಳಗೆ ಪ್ರೋಟೀನ್ ತಯಾರಿಸಲು ಹೇಳುವ ಜೀನ್‌ಗಳು ಸುಮಾರು 20 ಸಾವಿರ. 12ನೆಯ ವರ್ಣತಂತು ಒಂದನ್ನೇ ನೋಡಿ. ಅದರಲ್ಲಿ 13 ಕೋಟಿಗೂ ಹೆಚ್ಚು ಅಕ್ಷರಗಳಿವೆ. ಕೀಲುಗಳ ಮೃದುವಾದ ಎಲುಬಿಗೆ ಗಟ್ಟಿತನ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಒಂದು ಬಗೆಯನ್ನು ಹೆಣೆಯುವ ಜೀನ್ ಇರುವುದು ಅಲ್ಲಿ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಬೆನ್ನುಮೂಳೆ ಮತ್ತು ಸೊಂಟ ಬೆಳೆಯುವ ರೀತಿ ಬದಲಾಗಬಹುದು. ಹಂದಿಗೋಡು ಕಾಯಿಲೆಯ ಜಾತಿಗೆ ಸೇರಿದ ಬೇರೆ ಕೆಲವು ಮೂಳೆ ಕಾಯಿಲೆಗಳ ಮೂಲ ಆ ಜೀನಿನಲ್ಲೇ ಸಿಕ್ಕಿದೆ.

ಹಾಗಾದರೆ ಕಾಯಿಲೆ ಇರುವ ಒಬ್ಬರ ರಕ್ತ ತೆಗೆದು ಓದಿದರೆ ಸಾಕಲ್ಲ? ಸಾಲದು. ಸಂಬಂಧವಿಲ್ಲದ ಯಾವ ಇಬ್ಬರನ್ನು ಪಕ್ಕಪಕ್ಕ ಇಟ್ಟರೂ ಸಾವಿರಕ್ಕೆ ಒಂದರಂತೆ, ಅಂದರೆ 30 ಲಕ್ಷದಷ್ಟು ಕಡೆ ಅಕ್ಷರಗಳು ಬೇರೆಬೇರೆ ಇರುತ್ತವೆ. ಅವುಗಳಲ್ಲಿ ಬಹುಪಾಲು ಯಾರಿಗೂ ಏನೂ ಮಾಡುವುದಿಲ್ಲ. 2003ರಲ್ಲಿ ಮುಗಿಯಿತೆಂದು ಸಾರಿ, ಉಳಿದ ಬಿಟ್ಟ ಸ್ಥಳಗಳನ್ನು 2022ರಲ್ಲಿ ತುಂಬಿದ ಮಾನವ ಜಿನೋಮಿನ ಮಾದರಿ ಪ್ರತಿ ಕೂಡ ಒಬ್ಬ ಆದರ್ಶ ಮನುಷ್ಯನದ್ದಲ್ಲ. ಹೋಲಿಸಲು ಒಂದು ಅಳತೆಗೋಲು ಬೇಕಿತ್ತು, ಸಿಕ್ಕವರದ್ದನ್ನು ಓದಿದರು. ಅಳತೆಗೋಲಿಗಿಂತ ಬೇರೆಯಾಗಿರುವುದು ದೋಷ ಎಂದಾಗುವುದಿಲ್ಲ. ಆ 30 ಲಕ್ಷ ವ್ಯತ್ಯಾಸಗಳಲ್ಲಿ ಸೊಂಟ ಸವೆಸಿದ್ದು ಯಾವುದು ಎಂದು ಒಬ್ಬರ ರಕ್ತ ಹೇಳಲಾರದು.

ಹೇಳುವುದು ಕುಟುಂಬ. ಅಜ್ಜಿಗೆ ಕಾಯಿಲೆ ಇತ್ತು, ದೊಡ್ಡ ಮಗನಿಗೆ ಬಂತು, ಸಣ್ಣ ಮಗಳಿಗೆ ಬರಲಿಲ್ಲ, ಮಗನ ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ ಬಂತು. ಕಾಯಿಲೆ ಬಂದ ಎಲ್ಲರಲ್ಲೂ ಅಜ್ಜಿಯ ಯಾವ ವರ್ಣತಂತುವಿನ ಯಾವ ತುಂಡು ತಪ್ಪದೆ ಇದೆ, ಬಾರದವರಲ್ಲಿ ಯಾವ ತುಂಡು ಇಲ್ಲ ಎಂದು ನೋಡುತ್ತಾ ಹೋದರೆ ಹುಡುಕುವ ಜಾಗ ಕಿರಿದಾಗುತ್ತದೆ. ಒಂದು ಕುಟುಂಬ ಸಾಲದಿದ್ದರೆ ಹತ್ತು ಕುಟುಂಬ. ಹೀಗಾಗಿ ಕಾಯಿಲೆ ಇದ್ದವರಷ್ಟೇ ಕಾಯಿಲೆ ಇಲ್ಲದವರೂ ತೋಳು ಚಾಚಬೇಕು. ಯಾರ ಮಗ ಯಾರು, ಯಾರು ಬೇಗ ತೀರಿಕೊಂಡರು, ಯಾವ ಮಗಳನ್ನು ಯಾವ ಊರಿಗೆ ಕೊಟ್ಟಿದೆ ಎಂದು ಹೇಳಬೇಕು. ಹೊರಗಿನವರ ಮುಂದೆ ಸಾಮಾನ್ಯವಾಗಿ ಯಾರೂ ಬಿಚ್ಚದ ಮನೆಯ ಗಂಟನ್ನು ಬಿಚ್ಚಬೇಕು.

ಎಂದ ಮೇಲೆ ಈ ಅರಿವನ್ನು ಯಂತ್ರ ಒಂದೇ ಹುಟ್ಟಿಸಿತು ಎನ್ನಲಾಗದು. ಅರ್ಧ ಕೆಲಸ ಮಾಡಿದ್ದು ಯಂತ್ರ, ಉಳಿದ ಅರ್ಧ ಮಾಡಿದ್ದು ಕೂಲಿಮನೆಗಳ ನೆಂಟಸ್ತಿಕೆ ಮತ್ತು ನೆನಪು. ಆ ಅರ್ಧದ ಲೆಕ್ಕವನ್ನು ಪ್ರಬಂಧಗಳು ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲಿನಲ್ಲಿ ತೀರಿಸುತ್ತವೆ.

*

ಕಾರಣ ರಕ್ತಕ್ಕೆ ಹೋದಾಗ ಹೊಣೆ ಎಲ್ಲಿಗೆ ಹೋಯಿತು? ವಿಷವೇ ಕಾರಣ ಎನ್ನುವಾಗ ಹೊಣೆಗಾರರಿದ್ದರು. ಕೀಟನಾಶಕ ಮಾರಿದವರು, ಹೊಡೆಸಿದವರು, ಹೊಡೆಯಿರಿ ಎಂದು ಸಲಹೆ ಕೊಟ್ಟ ಇಲಾಖೆ. ಆ ಹೊಣೆ ಸುಳ್ಳು ಕಾರಣದ ಮೇಲೆ ನಿಂತಿದ್ದರಿಂದ ಬಿದ್ದುಹೋಯಿತು, ಬೀಳಬೇಕಾದದ್ದೇ. ಆದರೆ ಅದರ ಜೊತೆಗೆ ಬೀಳಬಾರದ ಇನ್ನೊಂದು ಹೊಣೆಯೂ ಬಿದ್ದುಹೋಯಿತು.

ನಮ್ಮಲ್ಲಿ ಒಂದು ಮಾತಿದೆ, ಹಣೆಬರಹಕ್ಕೆ ಹೊಣೆ ಯಾರು ಎಂದು. ಜೀನ್ ಎಂಬುದೂ ಒಂದು ಬರಹವೇ. ಅದನ್ನು ನಾವು ಬಲು ಸಲೀಸಾಗಿ ಹೊಸ ಹಣೆಬರಹ ಮಾಡಿಕೊಂಡಿದ್ದೇವೆ. ಅದು ಅವರ ರಕ್ತದಲ್ಲೇ ಇದೆ, ಏನು ಮಾಡಲಾಗುತ್ತದೆ ಎಂಬ ಮಾತು ಹಳೆಯ ಕರ್ಮದ ಮಾತಿಗಿಂತ ಹೆಚ್ಚು ದೂರವಿಲ್ಲ. ಬೇಕಾದರೆ, ಹಳೆಯ ಮಾತು ಆಡುವವರಿಗೆ ಸ್ವಲ್ಪ ಅಂಜಿಕೆಯಾದರೂ ಇರುತ್ತಿತ್ತು, ಹೊಸ ಮಾತಿಗೆ ವಿಜ್ಞಾನದ ಧೈರ್ಯ ಇದೆ.

ಜೀನ್ ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಈ ಕುಟುಂಬದ ಈ ಹುಡುಗಿಯ ಸೊಂಟದ ಕೀಲು ಏಕೆ ಸವೆಯಿತು? ಆ ಹುಡುಗಿ ನಲವತ್ತಕ್ಕೆ ಏಕೆ ತೆವಳಬೇಕಾಯಿತು ಎಂಬುದು ಬೇರೆ ಪ್ರಶ್ನೆ. ಸವೆದ ಸೊಂಟದ ಕೀಲನ್ನು ತೆಗೆದು ಲೋಹದ ಕೀಲು ಕೂರಿಸುವ ಶಸ್ತ್ರಚಿಕಿತ್ಸೆ 1960ರ ದಶಕದಿಂದ ಇದೆ. ಕೀಲು ಯಾವ ಕಾರಣಕ್ಕೆ ಸವೆಯಿತು ಎಂದು ಆ ಲೋಹ ಕೇಳುವುದಿಲ್ಲ. ಬೆಂಗಳೂರಿನಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಅದನ್ನು ಹಾಕಿಸಿಕೊಂಡು ಮೂರು ತಿಂಗಳಲ್ಲಿ ಪಾರ್ಕಿನಲ್ಲಿ ನಡೆಯುತ್ತಾರೆ. ಮಲೆನಾಡಿನ ಒಂಟಿ ಮನೆಯಲ್ಲಿ, ಟಾರು ರಸ್ತೆಯಿಂದ ಒಂದು ಸಂಕ ಮತ್ತು ಎರಡು ದಿಬ್ಬ ದಾಟಿದ ಮೇಲೆ ಸಿಗುವ ಮನೆಯಲ್ಲಿ ಇರುವವರಿಗೆ ಅದೇ ಚಿಕಿತ್ಸೆ ಏಕೆ ಇಲ್ಲ ಎಂಬುದಕ್ಕೆ 12ನೆಯ ವರ್ಣತಂತುವಿನಲ್ಲೂ ಉತ್ತರವಿಲ್ಲ, ಉಳಿದವುಗಳಲ್ಲೂ ಇಲ್ಲ. ಉತ್ತರ ಇರುವುದು ರಸ್ತೆಯಲ್ಲಿ, ಕೂಲಿಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ.

ಇದೇ ನೆಲದ ಇನ್ನೊಂದು ಹೋಲಿಕೆ ನೋಡೋಣ. ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ಮರಗಳಿಗೆ ಹಳದಿ ಎಲೆ ರೋಗ ಬಿದ್ದು ದಶಕಗಳಾದವು. ಅದಕ್ಕೂ ಪೂರ್ತಿ ಗುಣ ಮಾಡುವ ಮದ್ದಿಲ್ಲ. ಆದರೂ ಅದು ಪ್ರತಿ ಚುನಾವಣೆಯ ಮಾತು, ಪ್ರತಿ ಮನವಿ ಪತ್ರದ ವಿಷಯ. ಪರಿಹಾರ ಕೊಡಿ, ಪರ್ಯಾಯ ಬೆಳೆ ತೋರಿಸಿ, ಸಾಲ ಮನ್ನಾ ಮಾಡಿ ಎಂದು ಬೆಳೆಗಾರರು ಕೇಳುತ್ತಾರೆ. ಕೇಳುವುದು ಸರಿಯೇ, ತೋಟ ಹೋದರೆ ಮನೆ ಹೋಗುತ್ತದೆ. ಇಲ್ಲಿ ಯಾರೂ ಮೊದಲು ರೋಗಾಣುವಿನ ಜಿನೋಮ್ ಓದಿ ಮುಗಿಸೋಣ, ಆಮೇಲೆ ಪರಿಹಾರದ ಮಾತು ಎನ್ನುವುದಿಲ್ಲ. ಮರದ ರೋಗಕ್ಕೆ ನಾವು ಕಾರಣವನ್ನೂ ಪರಿಹಾರವನ್ನೂ ಬೇರೆಬೇರೆ ಇಟ್ಟು ಯೋಚಿಸಬಲ್ಲೆವು. ಆ ತೋಟದ ದರಗು ಗುಡಿಸಿದವರ ಮೂಳೆಯ ವಿಷಯಕ್ಕೆ ಬಂದಾಗ ಮಾತ್ರ ಎರಡನ್ನೂ ಒಂದೇ ಗಂಟು ಕಟ್ಟಿ, ಕಾರಣ ರಕ್ತದಲ್ಲಿದೆ ಎಂದು ಕೈ ತೊಳೆದುಕೊಳ್ಳುತ್ತೇವೆ.

*

ಹೊಣೆ ಹೋದ ಜಾಗಕ್ಕೆ ಹಲವೊಮ್ಮೆ ಆರೋಪ ಬಂದು ಕೂರುತ್ತದೆ. ಅವರವರೇ ಸಂಬಂಧದಲ್ಲಿ ಮದುವೆಯಾಗುತ್ತಾರೆ, ಅದಕ್ಕೇ ಹೀಗೆ ಎಂಬ ಮಾತು ವಿದ್ಯಾವಂತರ ಬಾಯಲ್ಲೂ ಇದೆ. ಇದನ್ನು ಬಿಡಿಸಿ ನೋಡಬೇಕು. ಸೋದರ ಸಂಬಂಧದ ಮದುವೆಯಿಂದ ಹೆಚ್ಚುವುದು ಅಪ್ಪ ಅಮ್ಮ ಇಬ್ಬರಿಂದಲೂ ಬದಲಾದ ಜೀನ್ ಬಂದರೆ ಮಾತ್ರ ತಲೆ ಎತ್ತುವ ಕಾಯಿಲೆಗಳು. ಪ್ರಬಲ ಜೀನಿನ ಕಾಯಿಲೆಗೆ ಒಬ್ಬರಿಂದ ಬಂದರೂ ಸಾಕು. ಕಾಯಿಲೆ ಇರುವವರು ಅತ್ತೆಯ ಮಗಳನ್ನು ಮದುವೆಯಾದರೂ, ಏಳು ಸಮುದ್ರದಾಚೆಯವರನ್ನು ಮದುವೆಯಾದರೂ ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಇದ್ದೇ ಇರುತ್ತದೆ. ಅದು ಅಮ್ಮನಿಂದಲೂ ಬರಬಹುದು, ಅಪ್ಪನಿಂದಲೂ ಬರಬಹುದು. ಸೊಸೆ ತಂದಳು ಎಂಬ ಮಾತಿಗೆ ಇಲ್ಲಿ ಯಾವ ಆಧಾರವೂ ಇಲ್ಲ.

ಹಾಗಿದ್ದರೂ ಕಾಯಿಲೆ ಕೆಲವೇ ಸಮುದಾಯಗಳೊಳಗೆ ಸುತ್ತುತ್ತಿದೆಯಲ್ಲ ಎಂದರೆ, ಹೌದು. ಜೀನಿಗೆ ಜಾತಿ ಗೊತ್ತಿಲ್ಲ, ನಮ್ಮ ಮದುವೆಗಳಿಗೆ ಗೊತ್ತು. ಆದರೆ ಆ ಬೇಲಿ ಹಾಕಿದವರು ಕೂಲಿಮನೆಯವರೊಬ್ಬರೇ ಅಲ್ಲ. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿ, ಅವುಗಳಲ್ಲಿ 81 ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು ತಮ್ಮೊಳಗೇ ಕೊಟ್ಟು ತಂದುಕೊಂಡಿರುವ ಗುರುತು ಯುರೋಪಿನ ಯೆಹೂದಿಗಳಿಗಿಂತಲೂ ಫಿನ್ಲೆಂಡಿನವರಿಗಿಂತಲೂ ಗಾಢವಾಗಿದೆ ಎಂದಿತು. ಎಂದರೆ ಮೇಲಿನವರು ಕೆಳಗಿನವರು ಎನ್ನದೆ ನಮ್ಮಲ್ಲಿ ಬಹಳ ಜನ ಒಂದೊಂದು ಮುಚ್ಚಿದ ಕೊಳದ ನೀರೇ ಕುಡಿದವರು. ಪ್ರತಿ ಕೊಳಕ್ಕೂ ಅದರದ್ದೇ ಕಾಯಿಲೆಗಳಿವೆ. ಯಾರ ಕಾಯಿಲೆ ಜಾತಿಯ ಹೆಸರಿನೊಂದಿಗೆ ಅಚ್ಚಾಗುತ್ತದೆ, ಯಾರದ್ದು ಮನೆಯ ವೈದ್ಯರ ಬಳಿ ಗುಟ್ಟಾಗಿ ಉಳಿಯುತ್ತದೆ ಎಂಬುದನ್ನು ಮಾತ್ರ ಜೀನ್ ತೀರ್ಮಾನಿಸುವುದಿಲ್ಲ.

ಹಂದಿಗೋಡು ಕಾಯಿಲೆಯ ಪ್ರಬಂಧಗಳು ಎರಡು ಸಮುದಾಯಗಳ ಹೆಸರನ್ನು ಬರೆದಿವೆ. ವೈದ್ಯರಿಗೆ ಆ ಹೆಸರಿನಿಂದ ಉಪಯೋಗವಿದೆ. ಈ ಬರಹದ ಓದುಗರಿಗೆ ಇಲ್ಲ ಎಂದು ನನಗೆ ಅನ್ನಿಸಿದ್ದರಿಂದ ನಾನು ಬರೆಯುತ್ತಿಲ್ಲ. ಒಂದು ಊರಿನ ಹೆಸರಂತೂ ಕಾಯಿಲೆಗೆ ಅಂಟಿಯೇ ಹೋಗಿದೆ. ಕಾಯಿಲೆಗೆ ಊರಿನ ಹೆಸರಿಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟಿದ್ದು 2015ರಲ್ಲಿ. ಸೊರಬದ ಕ್ಯಾಸನೂರಿಗೂ ಸಾಗರದ ಹಂದಿಗೋಡಿಗೂ ಅದು ಬಹಳ ತಡವಾಯಿತು. ಹೆಸರು ಅಂಟಿದ ಊರಿನ ಹುಡುಗ ಹುಡುಗಿಯರ ಮದುವೆ ಮಾತುಕತೆಯಲ್ಲಿ, ಕಾಯಿಲೆ ಇಲ್ಲದ ಮನೆಯಾದರೂ, ಆ ಹೆಸರು ಮೊದಲು ಬಂದು ಜಗಲಿಯ ಮೇಲೆ ಕೂರುವುದಿಲ್ಲವೇ?

ಇಲ್ಲಿಂದಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಒಂದು ರಕ್ತ ಪರೀಕ್ಷೆ ಇದೆ, ಹದಿನೆಂಟರ ಹುಡುಗಿಗೆ ಮುಂದೆ ಈ ಕಾಯಿಲೆ ಬರುತ್ತದೋ ಇಲ್ಲವೋ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಆಕೆ ತಿಳಿದುಕೊಳ್ಳಲೇಬೇಕೇ? ತಿಳಿದುಕೊಂಡರೆ ಹೇಳಲೇಬೇಕೇ? ತಿಳಿಯುವುದು ಯಾವಾಗಲೂ ಒಳ್ಳೆಯದು ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ತಿಳಿದು ಮಾಡಬಹುದಾದದ್ದು ಏನಾದರೂ ಇದ್ದಾಗ ಆ ಮಾತು ನಿಜ. ಬೇಗ ತಿಳಿದರೆ ಬಗ್ಗದ ಕೆಲಸ ಕಲಿಸಬಹುದು, ಓದಿಸಬಹುದು, ಸೊಂಟಕ್ಕೆ ಭಾರ ಬೀಳದಂತೆ ವ್ಯಾಯಾಮ ಹೇಳಿಕೊಡಬಹುದು, ಶಸ್ತ್ರಚಿಕಿತ್ಸೆಗೆ ಸರಿಯಾದ ಸಮಯ ನೋಡಬಹುದು. ಇವು ಯಾವುವೂ ಜೊತೆಗೆ ಬಾರದಿದ್ದರೆ ಆ ಪರೀಕ್ಷೆ ಆಕೆಗೆ ಕೊಡುವುದು ಇಪ್ಪತ್ತು ವರ್ಷಗಳ ದಿಗಿಲು, ಊರಿಗೆ ಕೊಡುವುದು ಆಕೆಯನ್ನು ತಳ್ಳಿಡಲು ಒಂದು ಕಾಗದ. ಅಂಥ ಹೊತ್ತಿನಲ್ಲಿ ನನಗೆ ಬೇಡ ಎನ್ನುವ ಹಕ್ಕು ಆಕೆಯದು. ಅದನ್ನು ಅಜ್ಞಾನ ಎಂದು ಕರೆಯುವುದು ಸುಲಭ, ನ್ಯಾಯವಲ್ಲ.

*

ಇಂಥದ್ದೇ ಕಥೆ ಬೇರೆ ಕಡೆಯೂ ನಡೆದಿದೆ. ವೆನೆಜುವೆಲಾದ ಮಾರಕೈಬೋ ಸರೋವರದ ದಂಡೆಯ ಬೆಸ್ತರ ಹಳ್ಳಿಗಳಲ್ಲಿ ಹಂಟಿಂಗ್ಟನ್ ಎಂಬ ನರಗಳ ಕಾಯಿಲೆ ತಲೆಮಾರುಗಳಿಂದ ಇದೆ. ಅದೂ ಪ್ರಬಲ ಜೀನಿನದೇ, ಅಲ್ಲಿಯೂ ಅರ್ಧಕ್ಕರ್ಧ. ಅಮೆರಿಕದ ನ್ಯಾನ್ಸಿ ವೆಕ್ಸ್ಲರ್ ತಮ್ಮ ತಾಯಿಯನ್ನೇ ಆ ಕಾಯಿಲೆಗೆ ಕಳೆದುಕೊಂಡವರು. ಅವರ ತಂಡ ವರ್ಷವರ್ಷವೂ ಅಲ್ಲಿಗೆ ಹೋಗಿ ಸಾವಿರಾರು ಜನರ ವಂಶವೃಕ್ಷ ಬರೆಯಿತು, ರಕ್ತ ತಂದಿತು. ಆ ರಕ್ತದ ಬಲದಿಂದ 1983ರಲ್ಲಿ 4ನೆಯ ವರ್ಣತಂತುವಿನ ಮೇಲೆ ಜೀನಿನ ಸುಳಿವು ಸಿಕ್ಕಿತು, 1993ರಲ್ಲಿ ಜೀನೇ ಸಿಕ್ಕಿತು. ಇವತ್ತು ಜಗತ್ತಿನಲ್ಲಿ ಯಾರೇ ಆ ಪರೀಕ್ಷೆ ಮಾಡಿಸಿಕೊಂಡರೂ ಅದರೊಳಗೆ ಆ ಬೆಸ್ತರ ರಕ್ತದ ಪಾಲಿದೆ. ವೆಕ್ಸ್ಲರ್ ಮತ್ತು ಅವರ ಜೊತೆಗಾರರು ಅಲ್ಲಿ ರೋಗಿಗಳ ಆರೈಕೆಯ ಮನೆಯನ್ನೂ ತೆರೆದರು. ಅದು ಮುಂದೆ ನಿಂತುಹೋಯಿತು. ಹಳ್ಳಿಗಳ ಬಡತನ ಹಾಗೇ ಉಳಿಯಿತು.

ಅಮೆರಿಕದ ಅರಿಜೋನಾದಲ್ಲಿ ಹವಸುಪಾಯಿ ಎಂಬ ಸಣ್ಣ ಬುಡಕಟ್ಟಿನವರು 1990ರ ದಶಕದಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಕೊಟ್ಟರು. ಅದೇ ರಕ್ತವನ್ನು ಮನೋರೋಗದ ಅಧ್ಯಯನಕ್ಕೂ, ಅವರ ಪೂರ್ವಜರು ಎಲ್ಲಿಂದ ಬಂದರೆಂದು ತಿಳಿಯುವುದಕ್ಕೂ ಬಳಸಿದ್ದು ಅವರಿಗೆ ಆಮೇಲೆ ಗೊತ್ತಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ವಿಶ್ವವಿದ್ಯಾಲಯ ಪರಿಹಾರ ಕೊಟ್ಟು, ಉಳಿದ ರಕ್ತವನ್ನು ಅವರಿಗೇ ಹಿಂದಿರುಗಿಸಿತು. ಅವರ ಪ್ರತಿನಿಧಿಗಳು ಅದನ್ನು ತೆಗೆದುಕೊಂಡು ಹೋದರು. ಶೀತಪೆಟ್ಟಿಗೆಯೊಳಗಿನ ಕೊಳವೆಗಳು ನಮ್ಮ ಕಣ್ಣಿಗೆ ಮಾದರಿಗಳು, ಅವರ ಕಣ್ಣಿಗೆ ತಮ್ಮವರು.

ಈ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು, 20 ಸಂಸ್ಥೆಗಳು ಸೇರಿ 10 ಸಾವಿರ ಭಾರತೀಯರ ಜಿನೋಮ್ ಓದಿವೆ. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆಯಿತು. ಒಳ್ಳೆಯ ಕೆಲಸ, ಬೇಕಾದ ಕೆಲಸ. ನಮ್ಮ ಜನರ ಜಿನೋಮ್ ಓದದೆ ನಮ್ಮ ಕಾಯಿಲೆಗಳು ಅರ್ಥವಾಗುವುದಿಲ್ಲ. ಅದಕ್ಕೇ, ಕೊಟ್ಟವರಿಗೆ ಏನು ಎಂಬುದನ್ನು ಈಗಲೇ ಕೇಳಿಕೊಳ್ಳಬೇಕು.

*

ರಕ್ತ ಕೊಡುವುದಕ್ಕೆ ಕನ್ನಡದಲ್ಲಿ ನಾವು ರಕ್ತದಾನ ಎನ್ನುತ್ತೇವೆ. ದಾನ ಎಂದರೆ ಕೊಟ್ಟು ಮರೆಯುವುದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು. ಅಪಘಾತದಲ್ಲಿ ಬಿದ್ದವರಿಗೆ ಕೊಡುವ ರಕ್ತಕ್ಕೆ ಆ ಮಾತು ಒಪ್ಪುತ್ತದೆ. ಸಂಶೋಧನೆಗೆ ಕೊಟ್ಟ ರಕ್ತಕ್ಕೂ ಅದೇ ಮಾತು ಬಳಸಿದಾಗ ಪಡೆದವರಿಗೆ ಬಹಳ ಅನುಕೂಲವಾಗುತ್ತದೆ.

ಮಲೆನಾಡಿನಲ್ಲೇ ಇದಕ್ಕೆ ಸರಿಹೊಂದುವ ಇನ್ನೊಂದು ಮಾತಿದೆ: ಮುಯ್ಯಿ. ನಾಟಿಯ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು ಬರುತ್ತೇವೆ, ನಾಡಿದ್ದು ನಮ್ಮ ಗದ್ದೆಗೆ ನೀವು ಬರಬೇಕು. ಹೀಗೆ ಬರುವವರು ಮುಯ್ಯಾಳುಗಳು. ದುಡ್ಡಿನ ವಹಿವಾಟಿಲ್ಲ, ಕಾಗದ ಪತ್ರವಿಲ್ಲ, ಆದರೆ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. ಮುಯ್ಯಿ ತೀರಿಸದವರ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುವುದಿಲ್ಲ. ಮದುವೆಯಲ್ಲಿ ಓದಿಸುವ ಮುಯ್ಯಿಯ ರೀತಿಯೂ ಇದೇ. ಅದು ಸಾಲವಲ್ಲ, ಸಾಲಕ್ಕೆ ಬಡ್ಡಿ ಇದೆ. ದಾನವೂ ಅಲ್ಲ, ದಾನದಲ್ಲಿ ಕೊಟ್ಟವರು ಮೇಲೆ, ಪಡೆದವರು ಕೆಳಗೆ. ಮುಯ್ಯಿಯಲ್ಲಿ ಇಬ್ಬರೂ ಸಮ.

ಈ ಮಾತನ್ನು ಚಂದ ಮಾಡಿ ಹೇಳಿ ಮುಗಿಸಿಬಿಡುವಂತಿಲ್ಲ. ಮುಯ್ಯಿ ನಡೆಯುತ್ತಿದ್ದದ್ದು ಗದ್ದೆ ಇದ್ದವರ ನಡುವೆ. ಗದ್ದೆ ಇಲ್ಲದವರು ಮುಯ್ಯಾಳುಗಳಾಗಲಾರರು, ಅವರು ಕೂಲಿಯಾಳುಗಳು. ಸಂಜೆ ಕೂಲಿ ಕೊಟ್ಟರೆ ಅವರ ಲೆಕ್ಕ ಮುಗಿಯಿತು. ಈ ಕಾಯಿಲೆ ಹೊತ್ತ ಕುಟುಂಬಗಳು ಹೆಚ್ಚಾಗಿ ಆ ಲೆಕ್ಕದ ಹೊರಗೇ ಇದ್ದವರು. ವಿಜ್ಞಾನವೂ ಅವರನ್ನು ಅದೇ ರೀತಿ ನಡೆಸಿಕೊಂಡರೆ, ಅಂದರೆ ರಕ್ತ ತೆಗೆದು, ಬಿಸ್ಕತ್ತು ಕೊಟ್ಟು, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು ಹೋದರೆ, ಅದು ಹಳೆಯ ಕೂಲಿ ಪದ್ಧತಿಯ ಮುಂದುವರಿಕೆ. ಅವರನ್ನು ಮುಯ್ಯಿಯ ಲೆಕ್ಕದೊಳಗೆ ಸೇರಿಸಿಕೊಳ್ಳುವುದೇ ಇಲ್ಲಿ ಆಗಬೇಕಾದ ನ್ಯಾಯ.

ಇದಕ್ಕೆ ಒಂದು ಆಕ್ಷೇಪ ಬರಬಹುದು, ಅದು ಹಗುರವಾದದ್ದಲ್ಲ. ವಿಜ್ಞಾನಿಯ ಕೆಲಸ ಅರಿಯುವುದು. ರಸ್ತೆ ಹಾಕಿಸುವುದು, ಪಿಂಚಣಿ ಕೊಡಿಸುವುದು ಅವರ ಕೆಲಸವೇ? ಎಲ್ಲ ಅಧ್ಯಯನಕ್ಕೂ ಇಂಥ ಭಾರ ಹೊರಿಸಿದರೆ ಯಾರು ಇಂಥ ಕಾಯಿಲೆಗಳ ಹತ್ತಿರ ಬಂದಾರು? ಬಡವರ ಅಪರೂಪದ ಕಾಯಿಲೆಯನ್ನು ನೋಡುವವರೇ ಇಲ್ಲದಾಗುವುದು ಇನ್ನೂ ಕೆಟ್ಟದ್ದಲ್ಲವೇ?

ನಿಜ. ಒಬ್ಬ ವಿಜ್ಞಾನಿಯ ಹೆಗಲ ಮೇಲೆ ಇದನ್ನು ಇಡಲಾಗದು. ಆದರೆ ನಮ್ಮಲ್ಲಿ ರಕ್ತ ತೆಗೆಸಿದ್ದು ಬಹುಪಾಲು ಸರಕಾರವೇ. ಪೋಷಣಾ ಸಂಸ್ಥೆ ಸರಕಾರದ್ದು, ವೈದ್ಯಕೀಯ ಮಂಡಳಿ ಸರಕಾರದ್ದು. ತಾಲ್ಲೂಕು ಆಸ್ಪತ್ರೆ, ಅಂಗವೈಕಲ್ಯದ ಪ್ರಮಾಣ ಪತ್ರ, ಸಂಕದಾಚೆಯ ರಸ್ತೆ ಇವೂ ಸರಕಾರದವೇ. ಸೂಜಿ ಹಿಡಿದ ಕೈ ಮತ್ತು ಊರುಗೋಲು ಕೊಡಬೇಕಾದ ಕೈ ಒಂದೇ ಮೈಯವು. ಒಂದು ಕೈ ಪಡೆದದ್ದು ಇನ್ನೊಂದಕ್ಕೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ವೈದ್ಯಕೀಯ ಮಂಡಳಿಯೇ 2017ರಲ್ಲಿ ಹೊರತಂದ ನೀತಿ ಮಾರ್ಗಸೂಚಿಯಲ್ಲಿ ಸಂಶೋಧನೆಯ ಫಲವನ್ನು ಅದರಲ್ಲಿ ಪಾಲ್ಗೊಂಡವರೊಂದಿಗೆ ಹಂಚಿಕೊಳ್ಳಬೇಕೆಂಬ ಮಾತಿದೆ. ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಚಲನೆಯ ತೊಂದರೆಯೂ ಇದೆ, ಕುಬ್ಜತೆಯೂ ಇದೆ. ಆ ಹಕ್ಕು ಪಡೆಯಲು ಯಾವ ಜೀನ್ ಎಂದು ತೋರಿಸಬೇಕಾಗಿಲ್ಲ. ಸೊಂಟ ಸವೆದಿದ್ದರೆ ಸಾಕು.

ಹಾಗಾದರೆ ಮುಯ್ಯಿ ಎಂದರೆ ಇಲ್ಲಿ ಏನೇನು? ರಕ್ತದಿಂದ ಏನು ತಿಳಿಯಿತು ಎಂಬುದನ್ನು ಇಂಗ್ಲಿಷ್ ಪತ್ರಿಕೆಗೆ ಬರೆದ ಹಾಗೆಯೇ ರಕ್ತ ಕೊಟ್ಟ ಮನೆಯ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಹೇಳುವುದು. ಉಳಿದ ರಕ್ತವನ್ನು ಬೇರೆ ಕೆಲಸಕ್ಕೆ ಬಳಸುವ ಮುಂಚೆ ಮತ್ತೊಮ್ಮೆ ಹೋಗಿ ಕೇಳುವುದು, ಬೇಡ ಎಂದರೆ ಬಿಡುವುದು. ಆರೈಕೆಯನ್ನು ಅರಿವು ಪೂರ್ತಿಯಾಗುವವರೆಗೆ ಮುಂದೂಡದಿರುವುದು. ಶಸ್ತ್ರಚಿಕಿತ್ಸೆ ಬೇಕಾದವರಿಗೆ ಅದನ್ನು ಮಾಡಿಸುವುದು, ಮನೆಯವರೆಗೆ ಗಾಲಿಕುರ್ಚಿ ಬರುವ ದಾರಿ ಮಾಡುವುದು, ಬಗ್ಗಲಾರದ ಮಕ್ಕಳಿಗೆ ಬಗ್ಗದೆ ಬದುಕುವ ವಿದ್ಯೆ ಕಲಿಸುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಡ.

ಜೀನ್ ಓದುವುದು ನಿಲ್ಲಬೇಕು ಎಂದು ನಾನು ಹೇಳುತ್ತಿಲ್ಲ. ಓದಬೇಕು, ಇನ್ನೂ ಚೆನ್ನಾಗಿ ಓದಬೇಕು. ಮುಂದೆ ಇಂಥ ಕಾಯಿಲೆಗೆ ಮದ್ದು ಬಂದರೆ ಬರುವುದು ಆ ದಾರಿಯಿಂದಲೇ. ಆದರೆ ಮುಂದಿನ ಸಲ ಕೊಪ್ಪದ ಕಡೆಯ ಯಾವುದೋ ಅಂಗಳದಲ್ಲಿ ಜೀಪು ನಿಂತು, ತಂಡದವರು ಸೂಜಿ ತೆಗೆದಾಗ, ನೆಲದ ಮೇಲೆ ಕೂತ ಅಜ್ಜಿಯೊಬ್ಬಳು ಇದರಿಂದ ನಮಗೇನಾಗುತ್ತದೆ ಎಂದು ಕೇಳಿಯಾಳು. ಅದನ್ನು ಅಜ್ಞಾನ ಎಂದೋ ಆಸೆ ಎಂದೋ ತಿಳಿಯಬಾರದು. ಮುಯ್ಯಾಳು ಕೇಳುವ ಮಾತು ಅದು. ನಿಮ್ಮ ಗದ್ದೆಗೆ ನಾವು ಬಂದೆವು, ನಮ್ಮ ಗದ್ದೆಗೆ ನೀವು ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದಾಳೆ.